ಕ್ಲೇ ಶೂಟಿಂಗ್‌ಗೆ ಮೊದಲ ಶಾಟ್‌ಗನ್: ಮನೆಯ ಹಳೇ ಜೋಡಿ ನಳಿಕೆ ಸಾಕೇ?

ಯಲಹಂಕ_ಹೊಸಬ:
ಎಲ್ಲರಿಗೂ ನಮಸ್ಕಾರ. ಕ್ಲೇ ಶೂಟಿಂಗ್, ಅಂದರೆ ಗಾಳಿಯಲ್ಲಿ ಹಾರುವ ತಟ್ಟೆಗೆ ಕೋವಿಯಿಂದ ಹೊಡೆಯೋ ಆಟ, ಶುರು ಮಾಡಬೇಕು ಅಂತಿದ್ದೇನೆ, ಇರೋದು ಬೆಂಗಳೂರಿನಲ್ಲಿ. ಎತ್ತರ 5 ಅಡಿ 6 ಇಂಚು, ಬಲಗೈಯವನು. ಸಕಲೇಶಪುರದ ಮನೆಯಲ್ಲಿ ಅಪ್ಪನ ಲೈಸೆನ್ಸಿನ ಮೇಲೆ ಅಜ್ಜನ ಕಾಲದ 12 ಬೋರ್ ಕೋವಿ ಇದೆ. ನಳಿಕೆ ಅಕ್ಕಪಕ್ಕ, ಟ್ರಿಗರ್ ಎರಡು, ತೂಕ 2.9 ಕೆಜಿ. ಕಲಿಯೋಕೆ ಇದು ಸಾಕಾ? ಬೇರೆ ತಗೊಳ್ಳೋದಾದರೆ ಒಂದರ ಮೇಲೊಂದು ನಳಿಕೆ ಇರೋದೇ ಬೇಕಾ? 28 ಇಂಚೋ 30 ಇಂಚೋ? ಚೋಕ್ (ನಳಿಕೆಯ ಬಾಯಿಯ ಬಿಗಿತ) ಯಾವುದು? ಸೆಕೆಂಡ್ ಹ್ಯಾಂಡ್ ನೋಡುವಾಗ ಏನೇನು ಪರೀಕ್ಷೆ ಮಾಡಬೇಕು?

ಚರೆಲೆಕ್ಕ:
ಟ್ರ್ಯಾಪೋ ಸ್ಕೀಟೋ ಅನ್ನೋದು ಮೊದಲು ತೀರ್ಮಾನ ಆಗಲಿ. ಒಲಿಂಪಿಕ್ ಟ್ರ್ಯಾಪಿನಲ್ಲಿ ತಟ್ಟೆ ನಿಮ್ಮಿಂದ 15 ಮೀಟರ್ ಮುಂದಿರುವ ಗುಂಡಿಯಿಂದ ಎದ್ದು ದೂರ ಓಡುತ್ತೆ. ನೀವು ಹೊಡೆಯೋ ಹೊತ್ತಿಗೆ 30 ಮೀಟರ್ ದಾಟಿರುತ್ತೆ. ಸ್ಕೀಟಿನಲ್ಲಿ ಎಡಬಲದ ಎರಡು ಮನೆಗಳಿಂದ ಅಡ್ಡ ಹಾಯುತ್ತೆ, ಹತ್ತಿರದಲ್ಲೇ ಸಿಗುತ್ತೆ. ತಟ್ಟೆ ಎರಡಕ್ಕೂ ಒಂದೇ, 110 ಮಿಮೀ ಅಗಲ, 105 ಗ್ರಾಂ. ತೋಟೆಯೂ 24 ಗ್ರಾಮಿನದೇ. ಬದಲಾಗೋದು ಚರೆ, ಅಂದರೆ ತೋಟೆಯೊಳಗಿನ ಕಾಳು: ಟ್ರ್ಯಾಪಿಗೆ ಏಳೂವರೆ ನಂಬರ್, ಒಂದು ತೋಟೆಯಲ್ಲಿ ಸುಮಾರು 300 ಕಾಳು, ಸ್ಕೀಟಿಗೆ 9ನೇ ನಂಬರ್, ಸುಮಾರು 500.

ಅದಕ್ಕೇ ಟ್ರ್ಯಾಪ್ ಕೋವಿಗೆ 30 ಇಂಚು ನಳಿಕೆ, ಬಿಗಿ ಚೋಕ್, ಮತ್ತು ಗುರಿಗಿಂತ ತುಸು ಮೇಲಕ್ಕೆ ಹೊಡೆಯುವ ಗುಣ, ಯಾಕಂದರೆ ತಟ್ಟೆ ಏರುತ್ತಲೇ ಇರುತ್ತೆ. ಸ್ಕೀಟಿಗೆ 28 ಇಂಚು, ಸಡಿಲ ಚೋಕ್, ನೇರ ಹೊಡೆತ. ಇನ್ನೂ ಮನಸ್ಸು ಮಾಡಿಲ್ಲ ಅಂದರೆ ಒಂದರ ಮೇಲೊಂದು ನಳಿಕೆಯ, 30 ಇಂಚಿನ, ಬಿಚ್ಚಿ ಹಾಕುವ ಚೋಕ್ ಇರುವ ಸ್ಪೋರ್ಟಿಂಗ್ ಮಾಡೆಲ್ ನೋಡಿ. ಬೆರೆಟಾ 686, ಬ್ರೌನಿಂಗ್ 525, ಮಿರೋಕು ಯಾವುದಾದರೂ ವರ್ಷಗಟ್ಟಲೆ ಬಾಳುತ್ತೆ. ಟ್ರ್ಯಾಪಿಗೆ ಕೆಳಗಿನ ನಳಿಕೆಗೆ ಮಾಡಿಫೈಡ್ (ಮಧ್ಯಮ ಬಿಗಿ) ಚೋಕ್, ಮೇಲಿನದಕ್ಕೆ ಫುಲ್ (ಪೂರ್ತಿ ಬಿಗಿ). ಸ್ಕೀಟಿಗೆ ಎರಡಕ್ಕೂ ಸ್ಕೀಟ್ ಚೋಕ್. ಪಂಪ್ ಆಕ್ಷನ್ (ಮುಂದಿನ ಹಿಡಿ ಹಿಂದೆಮುಂದೆ ಎಳೆದು ತೋಟೆ ತುಂಬುವ ಕೋವಿ) ಬೇಡವೇ ಬೇಡ, ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ.

ತೂಕದ ವಿಚಾರವನ್ನು ಹಗುರವಾಗಿ ತಗೋಬೇಡಿ. ಟ್ರ್ಯಾಪಿನ ಒಂದು ಸುತ್ತಿಗೆ 25 ತಟ್ಟೆ, ಪ್ರತಿಯೊಂದಕ್ಕೂ ಎರಡು ಗುಂಡು, ಅಂದರೆ 50 ತೋಟೆವರೆಗೆ. ಅದೇ ತೋಟೆಯನ್ನು 3.6 ಕೆಜಿಯ ಕೋವಿಯಲ್ಲಿ ಹೊಡೆದಾಗಿನ ಒದೆತಕ್ಕಿಂತ 2.9 ಕೆಜಿಯದರಲ್ಲಿ ಕಾಲು ಪಾಲು ಹೆಚ್ಚು ಬೀಳುತ್ತೆ. ಎರಡನೇ ಸುತ್ತಿಗೆ ಭುಜ ಹೆದರುತ್ತೆ, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತೆ. ಈ ಚಾಳಿ ಒಮ್ಮೆ ಅಂಟಿದರೆ ಬಿಡಿಸೋಕೆ ತಿಂಗಳುಗಳು ಬೇಕು.

ಬ್ರ್ಯಾಂಡಿಗಿಂತ ಮುಖ್ಯವಾದದ್ದು ಕೋವಿ ಮೈಗೆ ಹೊಂದೋದು. ರೈಫಲ್‌ಗೆ ಹಿಂದಿನ ಸೈಟ್ ಇರುತ್ತೆ. ಇಲ್ಲಿ ನಿಮ್ಮ ಕಣ್ಣೇ ಹಿಂದಿನ ಸೈಟ್. ಕೆನ್ನೆ ಒಂದು ಎಳೆ ಮೇಲೆ ಕೂತರೂ ಚರೆ ಬೇರೆ ಕಡೆ ಹೋಗುತ್ತೆ. ಹೀಗೆ ನೋಡಿ: ಕೋವಿ ಬಗ್ಗಿಸಿ ತೆರೆದು ಎರಡೂ ನಳಿಕೆ ಖಾಲಿ ಅಂತ ಕಣ್ಣಾರೆ ಖಚಿತ ಮಾಡ್ಕೊಳ್ಳಿ. ಕಣ್ಣು ಮುಚ್ಚಿ, ಕೋವಿ ಎತ್ತಿ ಭುಜಕ್ಕೂ ಕೆನ್ನೆಗೂ ಕೊಟ್ಟು, ಆಮೇಲೆ ಕಣ್ಣು ತೆರೆಯಿರಿ. ನಳಿಕೆಯ ಮೇಲಿನ ಪಟ್ಟಿ ಕಾಣದೆ ಹಿಂಬದಿಯ ಕಬ್ಬಿಣವೇ ಅಡ್ಡ ಬಂದರೆ ಕೆನ್ನೆ ಒರಗುವ ಜಾಗ ತಗ್ಗಿದೆ, ಗುಂಡು ಕೆಳಗೆ ಹೋಗುತ್ತೆ. ಪಟ್ಟಿ ರಸ್ತೆಯ ಹಾಗೆ ಉದ್ದಕ್ಕೆ ಕಂಡರೆ ಎತ್ತರ ಜಾಸ್ತಿ. ಎರಡು ಬೀಡ್ (ಪಟ್ಟಿಯ ಮೇಲಿನ ಗುರಿಮಣಿ) ಇರುವ ಟ್ರ್ಯಾಪ್ ಕೋವಿಯಲ್ಲಿ ಅವು ಒಂದರ ಮೇಲೊಂದು ಕೂತು ಇಂಗ್ಲಿಷಿನ 8ರ ಹಾಗೆ ಕಾಣಬೇಕು. ಮೂಗಿಗೂ ಟ್ರಿಗರ್ ಕೈಯ ಹೆಬ್ಬೆರಳಿಗೂ ನಡುವೆ ಎರಡು ಮೂರು ಬೆರಳು ಜಾಗ ಇದ್ದರೆ ಸ್ಟಾಕಿನ (ಭುಜಕ್ಕೆ ಒರಗುವ ಮರದ) ಉದ್ದ ಸರಿ. ಮೊಣಕೈ ಮಡಚಿ ಅಳೆಯುವ ಅಂಗಡಿ ಪದ್ಧತಿ ನಂಬಬೇಡಿ, ಅದಕ್ಕೆ ಕತ್ತಿನ ಉದ್ದ ಗೊತ್ತಿಲ್ಲ.

ಬಲಗೈಯವರಿಗೆಲ್ಲ ಬಲಗಣ್ಣೇ ಯಜಮಾನ ಆಗಿರೋಲ್ಲ. ಎರಡೂ ಅಂಗೈ ಜೋಡಿಸಿ ಸಣ್ಣ ಕಿಂಡಿ ಮಾಡಿ ದೂರದ ಸ್ವಿಚ್ಚನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಸ್ವಿಚ್ ಮಾಯವಾಗುತ್ತೋ ಅದೇ ಯಜಮಾನ. ಎಡಗಣ್ಣು ಬಂದರೆ ಕನ್ನಡಕದ ಎಡಗಾಜಿನ ಮೇಲೆ, ಬೀಡ್ ಕಾಣುವ ಜಾಗಕ್ಕೆ ಸರಿಯಾಗಿ, ಸಣ್ಣ ಬಿಳಿ ಟೇಪು ಅಂಟಿಸಿ.

ಇನ್ನೊಂದು ಮಾತು. ಕೊಡಗಿನ ಕೈಲ್‌ಮುಹೂರ್ತ ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆದು ಪಳಗಿದ ಕೈಗಳು ಇಲ್ಲಿ ಆರಂಭದಲ್ಲಿ ತೊಡಕಿಗೆ ಸಿಗುತ್ತವೆ. ಕಾಯಿ ನಿಂತಿರುತ್ತೆ, ತಟ್ಟೆ ಓಡುತ್ತೆ. ಗುರಿ ಹಿಡಿದು ನಿಂತ ಕ್ಷಣ ನಳಿಕೆ ನಿಲ್ಲುತ್ತೆ, ಗುಂಡು ತಟ್ಟೆಯ ಹಿಂದೆ ಬೀಳುತ್ತೆ.

ಬಿಗಿಕೀಲು:
ಸೆಕೆಂಡ್ ಹ್ಯಾಂಡ್ ಪ್ರಶ್ನೆಗೆ ಉತ್ತರ. ನಳಿಕೆಯ ಕೆಳಗೆ ಮುಂದಿನ ಕೈಯಲ್ಲಿ ಹಿಡಿಯುವ ಮರವನ್ನು ಕಳಚಿ, ಕೋವಿ ಮುಚ್ಚಿ, ಅಲುಗಾಡಿಸಿ. ಟಕಟಕ ಅಂದರೆ ಕೀಲು ಸವೆದಿದೆ. ಮೇಲಿನ ಲಿವರ್ ಮುಚ್ಚಿದಾಗ ನಟ್ಟನಡುವೆ ಅಥವಾ ತುಸು ಬಲಕ್ಕೆ ನಿಲ್ಲಬೇಕು. ಎಡಕ್ಕೆ ದಾಟಿದ್ದರೆ ಲಾಕ್ ಮುಗಿಯುತ್ತಾ ಬಂದಿದೆ. ನಳಿಕೆಯನ್ನು ಬೇರ್ಪಡಿಸಿ ಬುಡದ ಕೊಕ್ಕೆಯಿಂದ ಒಂದು ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಎಳೆದು ನಾದ ಬಂದರೆ ಒಳ್ಳೆಯದು, ಒಡಕು ಮಡಕೆಯಂತೆ ಬಂದರೆ ಎಲ್ಲೋ ಬೆಸುಗೆ ಬಿಟ್ಟಿದೆ. ಬೆಳಕಿಗೆ ಹಿಡಿದು ಒಳಗೆ ನೋಡಿ, ಉಂಗುರದಂಥ ನೆರಳು ಕಂಡರೆ ನಳಿಕೆ ಉಬ್ಬಿದೆ, ಮುಟ್ಟಲೇಬೇಡಿ.

ಒಂದೇ ಟ್ರಿಗರ್ ಇರುವ ಎಷ್ಟೋ ಕೋವಿಗಳಲ್ಲಿ ಮೊದಲ ಗುಂಡಿನ ಒದೆತವೇ ಎರಡನೇ ನಳಿಕೆಯನ್ನು ಸಿದ್ಧ ಮಾಡುತ್ತದೆ. ಡಮ್ಮಿ ತೋಟೆ ಹಾಕಿ ನೋಡುವಾಗ ಎರಡನೆಯದು ಬೀಳಲಿಲ್ಲವೆಂದು ಗಾಬರಿ ಬೇಡ; ಸ್ಟಾಕಿನ ಹಿಂಭಾಗಕ್ಕೆ ಅಂಗೈಯಿಂದ ಒಮ್ಮೆ ಗುದ್ದಿ ಮತ್ತೆ ಒತ್ತಿ.

ಕೊಂಡ ಮೇಲೆ 16 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಒಂದೇ ಚುಕ್ಕೆಗೆ ನಾಲ್ಕೈದು ಬಾರಿ ಹೊಡೆಯಿರಿ. ಚರೆಯ ನಡು ಒಂದು ಇಂಚು ಪಕ್ಕಕ್ಕೆ ಅಥವಾ ಕೆಳಗೆ ಹೋದರೆ ಸ್ಟಾಕಿನಲ್ಲಿ ಒಂದೂವರೆ ಮಿಮೀ ತಿದ್ದಬೇಕು. ಮೊದಲು ಅಂಟಿಸುವ ಪ್ಯಾಡ್ ಹಾಕಿ ನೋಡಿ, ಮರ ಕೆತ್ತಿಸುವುದು ಕೊನೆಗೆ.

ಕಾಗದಪತ್ರ:
ಹಣ ಕೊಡುವ ಮುಂಚೆ ಲೈಸೆನ್ಸ್ ನೋಡ್ಕೊಳ್ಳಿ. ಬೆಂಗಳೂರು ನಗರದಲ್ಲಿ ಅದು ಪೊಲೀಸ್ ಕಮಿಷನರ್ ಕಚೇರಿಯ ಕೆಲಸ, ಬೇರೆ ಜಿಲ್ಲೆಗಳಲ್ಲಿ ಡಿಸಿ ಕಚೇರಿಯದು. ಅಪ್ಪನ ಕೋವಿಯನ್ನು ನೀವೊಬ್ಬರೇ ಕಾರಲ್ಲಿ ಹಾಕ್ಕೊಂಡು ಬರುವಂತಿಲ್ಲ. ಅವರಿಗೆ 70 ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷದಿಂದ ಇದ್ದರೆ, 2016ರ ಆಯುಧ ನಿಯಮಗಳ ಪ್ರಕಾರ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಅಲ್ಲಿವರೆಗೆ ರಾಜ್ಯ ರೈಫಲ್ ಅಸೋಸಿಯೇಷನ್ನಿಗೆ ಸೇರಿದ ಕ್ಲಬ್ಬಿನ ಸದಸ್ಯರಾಗಿ ಕ್ಲಬ್ಬಿನ ಕೋವಿಯಲ್ಲೇ ಕಲಿಯಿರಿ. ಸೇರುವ ಮುಂಚೆ ಶಾಟ್‌ಗನ್ ಮೈದಾನ ಇದೆಯಾ ಕೇಳಿ; ರೇಂಜ್ ಅಂದಾಕ್ಷಣ ಅದು 10 ಮೀಟರ್ ಏರ್ ರೈಫಲ್ ಹಾಲ್ ಆಗಿರಬಹುದು. ಚರೆ ಸುಮಾರು 200 ಮೀಟರ್ ಆಚೆಗೂ ಬೀಳೋದರಿಂದ ಊರ ನಡುವೆ ಇದಕ್ಕೆ ಜಾಗ ಸಿಗೋದು ಕಷ್ಟ.

ಯಲಹಂಕ_ಹೊಸಬ:
ತುಂಬಾ ಉಪಕಾರ ಆಯ್ತು. ಅಪ್ಪನಿಗೆ ಫೋನ್ ಮಾಡಿ ನೋಡಲು ಹೇಳಿದೆ. ನಳಿಕೆಯ ಬುಡದಲ್ಲಿ ಎರಡೂವರೆ ಇಂಚು ಅಂತ ಕೊರೆದಿದೆಯಂತೆ. ಆದರೆ 70 ಮಿಮೀ ತೋಟೆ ಸಲೀಸಾಗಿ ಒಳಗೆ ಕೂತು ಕೋವಿ ಮುಚ್ಚುತ್ತಂತೆ. ಹಾಗಾದರೆ ಹೊಡೀಬಹುದಲ್ವಾ?

ಬಿಗಿಕೀಲು:
ಬೇಡ. ದಯವಿಟ್ಟು ಈಗಲೇ ಅಪ್ಪನಿಗೆ ಹೇಳಿ ಆ ತೋಟೆ ತೆಗೆಸಿ.

ತೋಟೆಯ ಮೇಲೆ ಬರೆದ 70 ಮಿಮೀ ಹಾರಿಸಿದ ನಂತರದ ಉದ್ದ. ಹಾರಿಸುವ ಮುಂಚೆ ಬಾಯಿ ಮಡಚಿರುವುದರಿಂದ ಅದು 60 ಮಿಮೀ ಆಸುಪಾಸಿನಲ್ಲೇ ಇರುತ್ತದೆ, ಆದ್ದರಿಂದ ನಿಮ್ಮ ಕೋವಿಯ ಎರಡೂವರೆ ಇಂಚಿನ, ಅಂದರೆ 65 ಮಿಮೀ ಕೋಣೆಯಲ್ಲಿ (ನಳಿಕೆಯ ಬುಡದಲ್ಲಿ ತೋಟೆ ಕೂರುವ ಜಾಗ) ಸುಖವಾಗಿ ಕೂರುತ್ತದೆ. ಹಾರಿದಾಗ ಮಡಿಕೆ ಬಿಚ್ಚಿಕೊಂಡು, ನಳಿಕೆ ಕಿರಿದಾಗುವ ಜಾಗಕ್ಕೆ ಚಾಚುತ್ತದೆ. ಚರೆಯೂ ಅದರ ಹಿಂದಿನ ಬೂಚೂ ಆ ಇಕ್ಕಟ್ಟಿನಲ್ಲಿ ತೂರಬೇಕು. ಒತ್ತಡ ಏರುತ್ತದೆ, ಹಳೇ ನಳಿಕೆ ಅದನ್ನು ತಡೆಯುವ ಭರವಸೆ ಇಲ್ಲ. ನಳಿಕೆಯ ಮೈಮೇಲೆ ಸುರುಳಿ ಗೆರೆಗಳಿದ್ದರೆ ಅದು ಡಮಾಸ್ಕಸ್ (ಲೋಹದ ಪಟ್ಟಿಗಳನ್ನು ಸುರುಳಿ ಸುತ್ತಿ ಬೆಸೆದ ಹಳೇ ನಳಿಕೆ) ಇರಬಹುದು, ಬಹುಮಟ್ಟಿಗೆ ಕರಿಮದ್ದಿನ ಕಾಲದ್ದು. ಈಗಿನ ಮದ್ದಿನ ತೋಟೆ ಅದಕ್ಕೆ ಹಾಕಲೇಬಾರದು.

ಒಬ್ಬ ಒಳ್ಳೆಯ ಗನ್‌ಸ್ಮಿತ್‌ಗೆ ತೋರಿಸಿ ಕೋಣೆಯ ಉದ್ದ, ನಳಿಕೆಯ ಗೋಡೆಯ ದಪ್ಪ ಅಳೆಸಿ. ಸರಿ ಇದೆ ಅಂದರೂ ಅದಕ್ಕೆ 65 ಮಿಮೀ ತೋಟೆ ಮಾತ್ರ.

ಚರೆಲೆಕ್ಕ:
ಮಳೆಗಾಲದಲ್ಲಿ ಸ್ಪಂಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರೆ ಇವತ್ತೇ ಹೊರಗೆ ತೆಗೆಸಿ. ಸಕಲೇಶಪುರದ ಥಂಡಿಗೆ ಆ ಸ್ಪಂಜು ನೀರು ಹಿಡಿದುಕೊಳ್ಳುತ್ತೆ, ನಳಿಕೆಯ ಅಡಿಭಾಗದಲ್ಲಿ ತುಕ್ಕಿನ ಗುಳಿ ಬೀಳುತ್ತೆ. ಗನ್‌ಸ್ಮಿತ್ ಮೊದಲು ನೋಡೋದೂ ಅಲ್ಲೇ.