ಗೋಡಂಬಿ ಚೀಸ್ ಕರಗುವುದೇ ಇಲ್ಲ, ಮೂರನೇ ಸಲ ಕೆಟ್ಟಿತು

ದಾವಣಗೆರೆ ಅಪ್ಪ | ಬುಧವಾರ ರಾತ್ರಿ 10:48

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ. ಮಗಳಿಗೆ ಪಿಜ್ಜಾ ಮಾಡೋಣ ಅಂತ ಗೋಡಂಬಿ ಚೀಸ್‌ಗೆ ಕೈ ಹಾಕಿದೆ. ಇದು ಮೂರನೇ ಸಲ. ಗೋಡಂಬಿ ನೆನೆಸಿ ರುಬ್ಬಿ, ನಿಂಬೆರಸ, ಉಪ್ಪು, ಎಣ್ಣೆ, ಸ್ಟಾರ್ಚ್, ಚೈನಾ ಗ್ರಾಸ್ (ಕಡಲಪಾಚಿಯಿಂದ ಮಾಡುವ ಅಗರ್) ಎಲ್ಲ ಹಾಕಿ ಕಾಯಿಸಿದೆ. ಫ್ರಿಜ್‌ನಲ್ಲಿಟ್ಟರೆ ಚೆನ್ನಾಗಿ ಗಟ್ಟಿಯಾಗುತ್ತದೆ. ತುರಿಯಲೂ ಬರುತ್ತದೆ. ಪಿಜ್ಜಾ ಮೇಲೆ ಹಾಕಿದರೆ ಮಾತ್ರ ಕರಗುವುದೇ ಇಲ್ಲ! ಕಾಯಿತುರಿ ಉದುರಿಸಿದ ಹಾಗೆ ಸುಮ್ನೆ ಕೂತಿರುತ್ತದೆ. ಕಾದು ಕಾದು ಕೆಳಗೆ ಬೇಸ್ ಸೀದುಹೋಯಿತು. ಎಳೆ ಬರುವುದಂತೂ ದೂರದ ಮಾತು. ಭಾನುವಾರ ಅವಳ ಹುಟ್ಟುಹಬ್ಬ. ಎಲ್ಲಿ ತಪ್ಪುತ್ತಿದ್ದೇನೆ?

ಮಿಕ್ಸಿ ಮಾಮ | 11:02

ನೆನೆಸಿದ್ದು ಎಷ್ಟು ಹೊತ್ತು? ತಪ್ಪು ಯಾವಾಗಲೂ ಅಲ್ಲೇ ಇರುತ್ತದೆ. ಮಿಕ್ಸಿ ಎಷ್ಟು ವ್ಯಾಟ್? 500 ಆದರೆ ಆಸೆ ಬಿಡಿ, 750 ಬೇಕೇ ಬೇಕು. ಚಟ್ನಿ ಜಾರ್‌ನಲ್ಲಿ ರುಬ್ಬಿ, ದೊಡ್ಡ ಜಾರ್ ಬೇಡ. ತರಿ ಇದ್ದರೆ ಕರಗಲ್ಲ.

ದಾವಣಗೆರೆ ಅಪ್ಪ | 11:05

ರಾತ್ರಿಯಿಡೀ ನೆನೆಸಿದ್ದು ಸರ್. ಮಿಕ್ಸಿ 750ರದ್ದೇ. ಬೆಣ್ಣೆ ತರ ನುಣ್ಣಗೆ ಬಂದಿದೆ.

ಮಿಕ್ಸಿ ಮಾಮ | 11:09

ಎಲ್ಲರೂ ಬೆಣ್ಣೆ ತರ ಅಂತಲೇ ಹೇಳುತ್ತಾರೆ. ಎರಡು ಬೆರಳ ನಡುವೆ ಇಟ್ಟು ಉಜ್ಜಿ ನೋಡಿ, ಆಮೇಲೆ ಹೇಳಿ. ಗೋಡಂಬಿಯನ್ನು 20 ನಿಮಿಷ ಕುದಿಸಿ, ಬಸಿದು, ಮತ್ತೆ ರುಬ್ಬಿ.

ಗಿರಿಜಕ್ಕನ ಗ್ರೈಂಡರ್ | 11:31

ಮಿಕ್ಸಿಯಲ್ಲಿ ಬಿಸಿ ಏರಿ ಗೋಡಂಬಿ ಎಣ್ಣೆ ಬಿಡುತ್ತದೆ. ನಾನು ಇಂಥದ್ದಕ್ಕೆಲ್ಲ ವೆಟ್ ಗ್ರೈಂಡರೇ ಹಾಕುವುದು. ಎರಡು ಲೀಟರಿನದು, ಮೂರು ಗುಂಡು, ಬಗ್ಗಿಸಿ ಸುರಿಯುವಂಥದ್ದು. 40 ನಿಮಿಷ ಬಿಟ್ಟರೆ ರೇಷ್ಮೆ. ಗೋಡಂಬಿ ಕೂಡ ದಪ್ಪ ಇಡೀ ಗೋಡಂಬಿ, ಡಬ್ಲ್ಯು 240 ದರ್ಜೆಯದು ಬಿಟ್ಟು ಬೇರೆ ತರುವುದಿಲ್ಲ.

ಮಿಕ್ಸಿ ಮಾಮ | 11:36

ನೂರು ಗ್ರಾಂ ಗೋಡಂಬಿಗೆ ಎರಡು ಲೀಟರ್ ಗ್ರೈಂಡರಾ ಅಕ್ಕ? ಅರ್ಧ ಗುಂಡಿಗೇ ಅಂಟಿಕೊಳ್ಳುತ್ತದೆ. ಮತ್ತೆ ರುಬ್ಬಿ ಹಾಕುವುದಕ್ಕೆ 240 ಯಾಕೆ? ತುಂಡು ಗೋಡಂಬಿ ತಂದರೆ ಸಾಕು, ರುಚಿ ಅದೇ.

ಗಿರಿಜಕ್ಕನ ಗ್ರೈಂಡರ್ | 11:40

ಅಂಟಿದ್ದನ್ನು ಬಳಿದು ತೆಗೆಯುವ ತಾಳ್ಮೆ ಇರಬೇಕು ಅಷ್ಟೇ.

ಗಿಡ್ಡ ಹಸು | ಗುರುವಾರ ಬೆಳಿಗ್ಗೆ 6:15

ಇಷ್ಟೆಲ್ಲ ಒದ್ದಾಟ ಯಾಕೆ ಸ್ವಾಮಿ? ಪ್ಯಾಕೆಟ್ ಹಾಲು ಆಗದಿದ್ದರೆ ನಾಟಿ ಹಸುವಿನ ಹಾಲು ಕೊಡಿ. ನಮ್ಮಲ್ಲಿ ಮೂರು ಮಲೆನಾಡು ಗಿಡ್ಡ ಇವೆ. ಎ2 ಹಾಲು ಯಾರಿಗೂ ಏನೂ ಮಾಡಲ್ಲ. ಅದರಲ್ಲೇ ಪನೀರ್ ಮಾಡಿ.

ದಾವಣಗೆರೆ ಅಪ್ಪ | 7:20

ಸರ್, ಅವಳಿಗೆ ಹಾಲಿನ ಅಲರ್ಜಿ. ಹೊಟ್ಟೆ ಉಬ್ಬರ ಅಲ್ಲ. ಎರಡು ವರ್ಷದವಳಿದ್ದಾಗ ಒಂದು ಚಮಚ ಶ್ಯಾವಿಗೆ ಪಾಯಸಕ್ಕೆ ತುಟಿ ಊದಿ, ಉಸಿರು ಕಟ್ಟಿ, ರಾತ್ರಿ ಆಸ್ಪತ್ರೆಗೆ ಓಡಿದ್ದೇವೆ. ಬೆಣ್ಣೆ ದೋಸೆ ಊರಿನಲ್ಲಿ ಹುಟ್ಟಿ ಬೆಣ್ಣೆ ಮುಟ್ಟದ ಮಗು ನಮ್ಮದು. ಈಗ ಏಳು ವರ್ಷ.

ಲ್ಯಾಬ್ ಬೆಂಚ್ | 8:05

ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತಲ್ವಾ? ಗಿಡ್ಡ ಹಸು ಅವರೇ, ದಯವಿಟ್ಟು ಆ ಸಲಹೆ ಇಲ್ಲಿ ಬೇಡ. ಎ1, ಎ2 ಹಾಲಿಗೆ ಇರುವ ವ್ಯತ್ಯಾಸ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಒಂದೇ ಒಂದು ಕೊಂಡಿಯಲ್ಲಿ. ಅಲರ್ಜಿ ತರುವ ಕೇಸಿನ್ ಎರಡರಲ್ಲೂ ಇದೆ. ಅಲರ್ಜಿ ಇರುವ ಮಗುವಿಗೆ ಹಸು ನಾಟಿಯೋ ಸೀಮೆಯದೋ ಎಂಬುದು ಲೆಕ್ಕಕ್ಕೆ ಬರಲ್ಲ. ಮೇಕೆ ಹಾಲಿನ ಪ್ರೋಟೀನೂ ಹೆಚ್ಚುಕಮ್ಮಿ ಹೀಗೇ, ಅದೂ ಬೇಡ. ಲ್ಯಾಕ್ಟೋಸ್ ಇಲ್ಲದ ಹಾಲಿನಲ್ಲಿ ತೆಗೆದಿರುವುದು ಸಕ್ಕರೆಯನ್ನು, ಪ್ರೋಟೀನನ್ನಲ್ಲ.

ಅಪ್ಪ ಅವರೇ, ಅಂಗಡಿಯ ‘ಅನಲಾಗ್ ಪನೀರ್’ ಹತ್ತಿರವೂ ಹೋಗಬೇಡಿ. ಹಾಲಿನ ಕೊಬ್ಬಿನ ಬದಲು ತಾಳೆಣ್ಣೆಯಂಥದ್ದು ಹಾಕುತ್ತಾರೆ, ಹಾಲಿನ ಪುಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ‘ನಾನ್ ಡೈರಿ’ ಕ್ರೀಮರ್‌ಗಳಲ್ಲೂ ಸೋಡಿಯಂ ಕೇಸಿನೇಟ್ ಇರುವುದುಂಟು, ಅದೂ ಹಾಲಿನ ಪ್ರೋಟೀನೇ. ಹಸಿರು ಚುಕ್ಕೆ ನೋಡಿ ತರಬೇಡಿ, ಹಾಲಿಗೂ ಹಸಿರು ಚುಕ್ಕೆಯೇ. ವೀಗನ್ ಆಹಾರಕ್ಕೆ 2022ರ ನಿಯಮದಲ್ಲಿ ಬೇರೆ ಗುರುತು ಬಂದಿದೆ. ಅದಿದ್ದರೂ ‘ಹಾಲಿನ ಅಂಶ ಇರಬಹುದು’ ಎಂಬ ಸಾಲು ಇದೆಯಾ ಅಂತ ಓದಿಯೇ ತನ್ನಿ.

ಈಗ ಚೀಸ್ ವಿಷಯ. ‘ಸ್ಟಾರ್ಚ್’ ಅಂದರೆ ಯಾವುದು? ಚೈನಾ ಗ್ರಾಸ್ ಎಷ್ಟು ಹಾಕಿದ್ರಿ? ಅವನ್ ಎಷ್ಟು ಡಿಗ್ರಿ?

ಮಿಕ್ಸಿ ಮಾಮ | 8:30

ಅದೆಲ್ಲ ಸರಿ, ಮೊದಲು ಬೆರಳಲ್ಲಿ ಉಜ್ಜಿ ನೋಡಿದರಾ ಅಂತ ಕೇಳಿ.

ಕುಂದಾಪ್ರದ ಕಾವಲಿ | 9:12

ಸ್ಟಾರ್ಚ್ ಅಂತ ಅಂಗಡಿಯದ್ದು ಯಾಕೆ ಮಾರಾಯ್ರೆ? ಕೂವೆ ಹುಡಿ ಹಾಕಿ. ನಮ್ಮಲ್ಲಿ ಹಿತ್ತಲಿನ ಗಡ್ಡೆ ಅಗೆದು, ತುರಿದು, ಹತ್ತು ಸಲ ನೀರು ಬದಲಿಸಿ ಮಾಡಿದ್ದು ಡಬ್ಬಿಯಲ್ಲಿದೆ. ಮಕ್ಕಳ ಹೊಟ್ಟೆಗೂ ತಂಪು.

ಗಿಡ್ಡ ಹಸು | 9:20

ಕೂವೆ ಅಂದರೆ ಆರಾರೂಟೇ ಅಲ್ಲವಾ?

ಕುಂದಾಪ್ರದ ಕಾವಲಿ | 9:26

ಅಲ್ಲ. ನಮ್ಮ ಕಾಡು ಕೂವೆ ಅರಿಶಿನದ ಜಾತಿಗೆ ಸೇರಿದ್ದು. ಆರಾರೂಟ್ ಅಮೆರಿಕದ ಕಡೆಯಿಂದ ಬಂದ ಬೇರೆ ಗಿಡ.

ಗಿಡ್ಡ ಹಸು | 9:33

ನಮ್ಮೂರಲ್ಲಿ ಎರಡಕ್ಕೂ ಕೂವೆ ಅಂತಲೇ ಹೇಳುವುದು. ನಿಮ್ಮೂರಿನ ಹೆಸರೇ ಸರಿ ಅಂತ ಎಲ್ಲಿ ಬರೆದಿದೆ?

(ಇಲ್ಲಿಂದ ಹನ್ನೊಂದು ಕೂವೆ ಸಂದೇಶಗಳನ್ನು ‘ಗಡ್ಡೆ ಗೆಣಸು’ ವಿಭಾಗಕ್ಕೆ ಸಾಗಿಸಲಾಗಿದೆ. ಜಗಳ ಅಲ್ಲಿ ಮುಂದುವರಿಸಿ.)

ದಾವಣಗೆರೆ ಅಪ್ಪ | ಮಧ್ಯಾಹ್ನ 1:40

ಊಟಕ್ಕೆ ಮನೆಗೆ ಬಂದಾಗ ಪೊಟ್ಟಣ ನೋಡಿದೆ. ಆರಾರೂಟ್ ಅಂತ ಕೇಳಿ ತಂದಿದ್ದು. ಹಿಂದೆ ಸಣ್ಣ ಅಕ್ಷರದಲ್ಲಿ ಮೆಕ್ಕೆಜೋಳದ ಸ್ಟಾರ್ಚ್ ಅಂತಿದೆ! ಅಂದರೆ ಕಾರ್ನ್‌ಫ್ಲೋರ್. ಚೈನಾ ಗ್ರಾಸ್ ಒಂದು ಪ್ಯಾಕೆಟ್ ಪೂರ್ತಿ, 10 ಗ್ರಾಂ, ಒಂದು ಲೋಟ ನೀರಿಗೆ. ಅವನ್ ಇಲ್ಲ ಸರ್. ದೋಸೆ ಹಂಚಿನ ಮೇಲೆ ಬೇಸ್ ಇಟ್ಟು ಮುಚ್ಚಳ ಮುಚ್ಚಿ ಮಾಡುವುದು. ಎಲ್ಲರೂ ಹಾಗೇ ಮಾಡುತ್ತಾರೆ ಅಂದುಕೊಂಡಿದ್ದೆ.

ಗಿರಿಜಕ್ಕನ ಗ್ರೈಂಡರ್ | 1:52

ಹಂಚಾ?! ನಾನು 230 ಡಿಗ್ರಿ ಅವನ್ ಅಂದುಕೊಂಡೇ ಓದುತ್ತಿದ್ದೆ.

ಲ್ಯಾಬ್ ಬೆಂಚ್ | 2:30

ಹಾಗಾದರೆ ಗೊತ್ತಾಯಿತು. ಮೂರೂ ಕಡೆ ಪೆಟ್ಟು ಬಿದ್ದಿದೆ.

ಚೈನಾ ಗ್ರಾಸ್ 40 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಮತ್ತೆ ಕರಗಬೇಕಾದರೆ 85 ದಾಟಬೇಕು. ಹಂಚಿನಲ್ಲಿ ಬಿಸಿ ಬರುವುದು ಕೆಳಗಿನಿಂದ. ಮೇಲಿನ ತುರಿಗೆ ಅಷ್ಟು ಬಿಸಿ ತಾಗುವ ಹೊತ್ತಿಗೆ ಬೇಸ್ ಇದ್ದಿಲು. ಅದೂ ಒಂದು ಲೋಟಕ್ಕೆ 10 ಗ್ರಾಂ ಅಂದರೆ ಬರ್ಫಿಗೂ ಜಾಸ್ತಿ. ಹಾಲಿನ ಚೀಸ್ ಎಳೆ ಬಿಡುವುದು ಕೇಸಿನ್‌ನಿಂದ. ಗೋಡಂಬಿಯಲ್ಲಿ ಅದಿಲ್ಲ. ಎಷ್ಟು ನುಣ್ಣಗೆ ರುಬ್ಬಿದರೂ ಬರಲ್ಲ (ಮಾಮ, ಬೇಜಾರಿಲ್ಲ ತಾನೆ). ಆ ಕೆಲಸ ಸ್ಟಾರ್ಚ್‌ನಿಂದಲೇ ಮಾಡಿಸಬೇಕು. ಕಾರ್ನ್‌ಫ್ಲೋರ್‌ನಲ್ಲಿ ಅಮೈಲೋಸ್ ಎಂಬ ಸ್ಟಾರ್ಚ್ ಅಂಶ ಜಾಸ್ತಿ, ಆರಿದರೆ ಕಸ್ಟರ್ಡ್ ತರ ತುಂಡಾಗುತ್ತದೆ. ಮರಗೆಣಸಿನ ಸ್ಟಾರ್ಚ್‌ನಲ್ಲಿ ಕಡಿಮೆ, ಅದಕ್ಕೇ ಲೋಳೆಯಾಗಿ ಎಳೆ ಬಿಡುತ್ತದೆ. ಅಂಗಡಿಯಲ್ಲಿ ಟಪಿಯೋಕಾ ಸ್ಟಾರ್ಚ್ ಅಂತ ಕೇಳಿ.

ಚೈನಾ ಗ್ರಾಸ್ ಬಿಡಿ, ತುರಿಯುವ ಆಸೆಯನ್ನೂ ಬಿಡಿ. ಅರ್ಧ ಲೋಟ ಗೋಡಂಬಿ, ಒಂದು ಲೋಟ ನೀರು, ಮೂರೂವರೆ ದೊಡ್ಡ ಚಮಚ ಟಪಿಯೋಕಾ, ಒಂದು ಚಮಚ ಎಣ್ಣೆ, ಉಪ್ಪು. ಎಲ್ಲ ಒಟ್ಟಿಗೆ ರುಬ್ಬಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗಿಡಿ. ಕೈ ಬಿಡದೆ ತಿರುವಿ. ಎರಡು ಮೂರು ನಿಮಿಷಕ್ಕೆ ಗಂಟು ಗಂಟಾಗುತ್ತದೆ, ಕೆಟ್ಟಿತು ಅಂತ ಇಳಿಸಬೇಡಿ. ಇನ್ನೆರಡು ನಿಮಿಷ ತಿರುವಿದರೆ ಎಲ್ಲ ಸೇರಿ ಹೊಳಪು ಬಂದು ಎಳೆ ಬಿಡುತ್ತದೆ. ನಿಂಬೆರಸ ಇಳಿಸಿದ ಮೇಲೆ. ಬೆಂದ ಪಿಜ್ಜಾ ಮೇಲೆ ಬಿಸಿಬಿಸಿಯಾಗಿ ಚಮಚದಲ್ಲಿ ಹಾಕಿ.

ಕುಂದಾಪ್ರದ ಕಾವಲಿ | 2:44

ಹುಳಿಗೆ ನಿಂಬೆಗಿಂತ ತಂಗಳನ್ನದ ನೀರು ಎರಡು ಚಮಚ ಹಾಕಿ ನೋಡಿ. ನಿಂಬೆ ಹಾಕಿದರೆ ಚಿತ್ರಾನ್ನದ ನೆನಪಾಗುತ್ತದೆ. ಎಣ್ಣೆಗೆ ಗಾಣದ ಕೊಬ್ಬರಿ ಎಣ್ಣೆ ಬೇಡ. ಅದನ್ನು ಹಾಕಿದ ಪಿಜ್ಜಾ ನಮ್ಮನೆಯಲ್ಲಿ ನಾನು ಬಿಟ್ಟು ಬೇರೆ ಯಾರೂ ತಿನ್ನಲಿಲ್ಲ.

ದಾವಣಗೆರೆ ಅಪ್ಪ | ಶುಕ್ರವಾರ ರಾತ್ರಿ 9:15

ನಾಲ್ಕು ಅಂಗಡಿ ತಿರುಗಿದೆ, ಟಪಿಯೋಕಾ ಸ್ಟಾರ್ಚ್ ಸಿಗಲಿಲ್ಲ. ಸಬ್ಬಕ್ಕಿ ಪುಡಿ ಮಾಡಿ ಹಾಕಬಹುದಾ? ಅದೂ ಮರಗೆಣಸಿನದೇ ಅಲ್ವಾ?

ಲ್ಯಾಬ್ ಬೆಂಚ್ | 9:40

ಹೌದು, ಸೇಲಂ ಕಡೆ ಮರಗೆಣಸಿನ ಹಾಲಿನಿಂದಲೇ ಮಾಡುವುದು. ಆದರೆ ಕಾಳು ಕಟ್ಟುವಾಗ ಹುರಿದಿರುತ್ತಾರೆ, ಅರ್ಧ ಬೆಂದಿರುತ್ತದೆ. ಒಣಗಿದ್ದನ್ನೇ ಪುಡಿ ಮಾಡಿದರೆ ತರಿ ಉಳಿಯುತ್ತದೆ. ನಾಲ್ಕು ತಾಸು ನೆನೆಸಿ, ಗೋಡಂಬಿ ಜೊತೆಗೇ ರುಬ್ಬಿ. ಅಚ್ಚುಕಟ್ಟಾಗಿ ಬರಲ್ಲ, ಆದರೆ ಬರುತ್ತದೆ.

ಮಿಕ್ಸಿ ಮಾಮ | 9:42

ನುಣ್ಣಗೆ. ಚಟ್ನಿ ಜಾರ್‌ನಲ್ಲಿ.

ದಾವಣಗೆರೆ ಅಪ್ಪ | ಭಾನುವಾರ ರಾತ್ರಿ 11:20

ಬಂತು! ಎಳೆ ಬಂತು. ಸಬ್ಬಕ್ಕಿಯಲ್ಲೇ. ಗಂಟು ಗಂಟಾದಾಗ ಹೆಂಡತಿ ಒಲೆ ಆರಿಸಲು ಹೋದಳು, ನಾನು ತಡೆದೆ. ಮಗಳು ತುಂಡು ಎತ್ತಿ ಮೊಳಕೈವರೆಗೆ ಎಳೆದು ಎಲ್ಲರಿಗೂ ತೋರಿಸಿದಳು. ರುಚಿ ಹೇಗಿದೆ ಅಂದರೆ ‘ಗೋಂದು ತರ, ಇನ್ನೊಂದು ಕೊಡು’ ಅಂದಳು. ಪಕ್ಕದ ಮನೆ ಹುಡುಗ ಮಾತ್ರ ಇದು ಚೀಸ್ ಅಲ್ಲ ಅಂತ ಹೇಳಿಯೇ ಮೂರು ತುಂಡು ತಿಂದ. ಎಲ್ಲರಿಗೂ ದೊಡ್ಡ ನಮಸ್ಕಾರ.

ಒಂದು ತೊಂದರೆ. ಉಳಿದದ್ದನ್ನು ಸಂಜೆ ಫ್ರಿಜ್‌ಗೆ ಹಾಕಿದ್ದೆ. ಈಗ ತೆಗೆದರೆ ಸೈಕಲ್ ಟ್ಯೂಬ್ ತರ ಆಗಿದೆ. ಬಿಸಿ ಮಾಡಿದರೆ ಮತ್ತೆ ಸರಿಯಾಗುತ್ತಾ? ನಾಳೆ ಡಬ್ಬಿಗೆ ಬೇಕಂತೆ.

ಮಿಕ್ಸಿ ಮಾಮ | 11:31

ನಾನು ಮೊದಲ ದಿನವೇ ಹೇಳಿದ್ದೆ. ರುಬ್ಬುವುದರಲ್ಲೇ ಇರುವುದು.

ಗಿರಿಜಕ್ಕನ ಗ್ರೈಂಡರ್ | ಸೋಮವಾರ ಬೆಳಿಗ್ಗೆ 10:05

ಹಳೆಯ ಗ್ರೈಂಡರ್ ತಂಗಿಗೆ ಕೊಟ್ಟು ಹೊಸದು ತಂದೆ. ತೆಂಗಿನಕಾಯಿ ತುರಿಯುವುದೂ ಇದರಲ್ಲೇ ಇದೆ. ಫೋಟೋ ಹಾಕುತ್ತೇನೆ ಇರಿ.

ಹೊಸಬ 77 | ಮೂರು ತಿಂಗಳ ನಂತರ

ಗೋಡಂಬಿ ದುಬಾರಿ. ಕಡಲೆಬೀಜದಲ್ಲಿ ಆಗುತ್ತಾ? ಮಿಕ್ಸಿ 500 ವ್ಯಾಟ್.