ಸಹಾಯ ಬೇಕು: ಪ್ರಾಜೆಕ್ಟ್ ತಂಡಗಳಲ್ಲಿ ಕೂಡಿ ಕೆಲಸ ಮಾಡುವುದನ್ನು ಕಲಿಸುವ ಬಗೆ

ಎಲ್ಲರಿಗೂ ನಮಸ್ಕಾರ. ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಾಠ ಮಾಡುತ್ತೇನೆ. ನಾಲ್ವರ ತಂಡಕ್ಕೆ ಪ್ರಾಜೆಕ್ಟ್ ಕೊಟ್ಟರೆ ಒಬ್ಬರು ಕೋಡ್ ಬರೆಯುತ್ತಾರೆ, ಒಬ್ಬರು ವರದಿ ಸಿದ್ಧಪಡಿಸುತ್ತಾರೆ, ಉಳಿದಿಬ್ಬರ ಹೆಸರು ಮುಖಪುಟದಲ್ಲಷ್ಟೇ ಇರುತ್ತದೆ. ಕಳೆದ ಬಾರಿ ಒಂದು ತಂಡದ ಗಿಟ್ (ಕೋಡಿನಲ್ಲಿ ಯಾರು ಏನು ಬದಲಿಸಿದರೆಂದು ದಾಖಲಿಸುವ ಸಾಧನ) ದಾಖಲೆಯನ್ನು ತೆರೆದು ನೋಡಿದಾಗ ಹೆಚ್ಚುಕಡಿಮೆ ಎಲ್ಲ ಕಮಿಟ್‌ಗಳೂ, ಅಂದರೆ ದಾಖಲಾದ ಬದಲಾವಣೆಗಳೂ, ಒಬ್ಬಳೇ ವಿದ್ಯಾರ್ಥಿನಿಯ ಹೆಸರಿನಲ್ಲಿದ್ದವು. ಅದೇ ತಂಡದ ಹುಡುಗನೊಬ್ಬ ವೈವಾದಲ್ಲಿ, ಪಾಸ್‌ವರ್ಡ್ ಪರಿಶೀಲನೆ ಯಾವ ಫೈಲಿನಲ್ಲಿ ನಡೆಯುತ್ತದೆ ಎಂದು ಹೇಳಲಾಗದೆ ತಲೆ ತಗ್ಗಿಸಿ ನಿಂತದ್ದು ನನ್ನನ್ನು ಇನ್ನೂ ಕಾಡುತ್ತದೆ.

ಹಾಗೆಂದು ಕಮಿಟ್ ಎಣಿಸಿ ಅಂಕ ಕೊಡುವುದು ನ್ಯಾಯವಲ್ಲ. ಇಬ್ಬರು ಒಂದೇ ಕಂಪ್ಯೂಟರಿನ ಮುಂದೆ ಕೂತು ಜೋಡಿಯಾಗಿ ಬರೆದಾಗಲೂ ಸಾಮಾನ್ಯವಾಗಿ ದಾಖಲಾಗುವುದು ಒಬ್ಬರ ಹೆಸರೇ. ತಂಡವಾಗಿ ಸಾಫ್ಟ್‌ವೇರ್ ರೂಪಿಸಲು ಬಳಸುವ ಸ್ಕ್ರಮ್ ಪದ್ಧತಿಯ 15 ನಿಮಿಷಗಳ ದೈನಂದಿನ ಸಭೆಯನ್ನೂ ಪ್ರಯತ್ನಿಸಿದೆ. ವಾರಕ್ಕೊಂದೇ ಲ್ಯಾಬ್ ಅವಧಿ ಇರುವ ನಮ್ಮಲ್ಲಿ ಅದು ಹಾಜರಿ ಕೂಗುವ ಶಾಸ್ತ್ರವಾಯಿತು.

ಈ ಬಾರಿ ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಮುಖ್ಯ ಶಾಖೆಗೆ (ತಂಡದ ಎಲ್ಲರ ಕೋಡ್ ಒಂದುಗೂಡುವ ಪ್ರತಿಗೆ) ಸೇರಿಸಬೇಕೆಂಬ ನಿಯಮ ತರಬೇಕೆಂದಿದ್ದೇನೆ. ಸಹಪಾಠಿಗಳ ಮೌಲ್ಯಮಾಪನವನ್ನು ಸ್ನೇಹದ ದಾಕ್ಷಿಣ್ಯಕ್ಕೆ ಸಿಲುಕದಂತೆ ನಡೆಸಿದ ಅಧ್ಯಾಪಕರು ತಮ್ಮ ಅಂಕಹಂಚಿಕೆಯ ನಮೂನೆಯನ್ನು ದಯವಿಟ್ಟು ಹಂಚಿಕೊಳ್ಳಿ. ಕಂಪನಿಗಳಲ್ಲಿ ಹೊಸಬರ ಕೋಡ್ ಪರಿಶೀಲಿಸುವವರು, ತಪ್ಪನ್ನು ಮನನೋಯದಂತೆ ಹೇಳುವುದನ್ನು ಹೇಗೆ ರೂಢಿಸುತ್ತೀರಿ ಎಂದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ. ತರಗತಿಗಳು ಮುಂದಿನ ತಿಂಗಳು ಆರಂಭವಾಗುತ್ತವೆ.