ಪುಟ್ಟಿ, ‘ನಾರ್ಮಲ್’ ಅಂತ ಮಾತ್ರ ಹೇಳಬೇಡ

ಹಲೋ ಪುಟ್ಟಿ, ಕೇಳಿಸ್ತಿದೆಯಾ? ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಅದಕ್ಕೇ ಬಾಯಲ್ಲೇ ಹೇಳಿಬಿಡ್ತೀನಿ. ಉದ್ದ ಆಗುತ್ತೆ. ಗ್ರೂಪಲ್ಲಿ ಬೇರೆಯವರು ಬೇಕಿದ್ರೆ ಕೇಳಿ, ಇಲ್ಲದಿದ್ರೆ ಬಿಡಿ.

ಬೆಳಗ್ಗೆ ನೀನು ಹಾಕಿದ ಮೆಸೇಜ್ ಈಗ ನೋಡಿದೆ ಕಣೇ. ನಿನ್ನೆ ಮಧ್ಯಾಹ್ನ ರೆಪ್ಪೆಕೂದಲಿಗೆ ಗ್ಲೂನಲ್ಲಿ ಕೃತಕ ಕೂದಲು ಅಂಟಿಸೋ ಐಲ್ಯಾಶ್ ಎಕ್ಸ್‌ಟೆನ್ಷನ್ ಹಾಕಿಸ್ಕೊಂಡು ಹೋದ ಕ್ಲೈಂಟ್‌ಗೆ ರಾತ್ರಿಯಿಂದ ಕಣ್ಣುರಿ, ಎದ್ದಾಗ ಕೆಂಪಗಾಗಿದೆ. ಏನು ಹೇಳ್ಲಿ, ಲ್ಯಾಶ್ ತೆಗೆದುಬಿಡ್ಲಾ, ದುಡ್ಡು ವಾಪಸ್ ಕೊಡ್ಲಾ ಅಂತ ಮೂರು ಪ್ರಶ್ನೆ ಕೇಳಿದೀಯ. ಅದರ ಕೆಳಗೆ ಅತ್ತಿಗೆ ‘ಮೊದಲ ಸಲ ಎಲ್ಲರಿಗೂ ಹಾಗೇ, ನಾರ್ಮಲ್’ ಅಂದಿದಾರೆ. ಚಿಕ್ಕಮ್ಮ ‘ಮನೇಲಿ ಯಾವುದಾದ್ರೂ ಕಣ್ಣಿನ ಡ್ರಾಪ್ಸ್ ಇದ್ರೆ ಹಾಕ್ಕೊಳ್ಳಕ್ಕೆ ಹೇಳು’ ಅಂದಿದಾರೆ. ಇಬ್ಬರೂ ಬೇಜಾರು ಮಾಡ್ಕೋಬೇಡಿ, ಆದ್ರೆ ಎರಡೂ ಬೇಡ.

ಪುಟ್ಟಿ, ಮೊದಲು ಆ ‘ನಾರ್ಮಲ್’ ಅನ್ನೋ ಪದವನ್ನ ಬಾಯಿಂದ ತೆಗೆದುಬಿಡು. ಸರಿಯಾಗಿ ಹಾಕಿದ ಲ್ಯಾಶ್ ಉರಿಯಲ್ಲ, ಚುಚ್ಚಲ್ಲ, ಎಳೆಯಲ್ಲ. ಉರಿದ್ರೆ ಅದಕ್ಕೊಂದು ಕಾರಣ ಇದೆ, ಅದು ನಿನ್ನ ಕೈಯದೋ, ಗ್ಲೂನದೋ, ಅವರ ಮೈಯದೋ ಅಂತ ಕಂಡುಹಿಡಿಯೋದೇ ಈಗಿನ ಕೆಲಸ. ಮತ್ತೆ ‘ನಾರ್ಮಲ್’ ಅಂದ್ರೆ ಅವರು ಕಣ್ಣಿನ ಡಾಕ್ಟರ್ ಹತ್ರ ಹೋಗಬೇಕಾದ ದಿನ ಹೋಗದೇ ಉಳಿದುಬಿಡ್ತಾರೆ. ಆ ಜವಾಬ್ದಾರಿ ನಿನ್ನ ತಲೆ ಮೇಲೆ ಬರುತ್ತೆ.

ಈಗಲೇ ಫೋನ್ ಮಾಡು. ಮೆಸೇಜ್ ಅಲ್ಲ, ಫೋನ್. ಯಾವಾಗ ಶುರುವಾಯ್ತು, ಒಂದು ಕಣ್ಣಾ ಎರಡೂನಾ, ಉರಿನಾ ನವೆನಾ, ದೃಷ್ಟಿ ಮಂಜಾಗಿದೆಯಾ, ಬೆಳಕು ನೋಡಿದ್ರೆ ಕಣ್ಣು ಬಿಡಕ್ಕೆ ಆಗ್ತಿಲ್ವಾ, ಹಳದಿಯೋ ಹಸಿರೋ ಪಿಸುರು ಬರ್ತಿದೆಯಾ, ಲೆನ್ಸ್ ಹಾಕ್ತಾರಾ, ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದೆಯಾ ಕೇಳು. ಮಂಜು, ಬೆಳಕು ತಡೆಯಕ್ಕಾಗದೇ ಇರೋದು, ಜೋರು ನೋವು, ಪಿಸುರು, ಕಣ್ಣು ಮುಚ್ಚಿಹೋಗೋಷ್ಟು ಊತ, ಇವುಗಳಲ್ಲಿ ಒಂದಿದ್ರೂ ನಿನ್ನ ಮಾತು ಅಲ್ಲಿಗೆ ಮುಗೀತು, ಇವತ್ತೇ ಕಣ್ಣಿನ ಡಾಕ್ಟರ್. ಲೆನ್ಸ್ ಹಾಕೋರಿಗೆ ಕಣ್ಣು ಕೆಂಪಾಗಿ ನೋವಿದ್ರೆ ಒಂದು ದಿನವೂ ಕಾಯಿಸಬಾರದು. ತುಟಿ, ಮುಖ ಊದ್ತಿದೆ, ಉಸಿರು ಕಟ್ತಿದೆ ಅಂದ್ರೆ ಕಣ್ಣಿನ ಡಾಕ್ಟರೂ ಅಲ್ಲ, ನೇರ ಎಮರ್ಜೆನ್ಸಿಗೆ.

ಇವು ಯಾವುದೂ ಇಲ್ಲ ಅಂದ್ರೆ ಎರಡು ಫೋಟೋ ಕಳಿಸಕ್ಕೆ ಹೇಳು. ಕಿಟಕಿ ಬೆಳಕಲ್ಲಿ, ಫಿಲ್ಟರ್ ಇಲ್ಲದೇ. ಒಂದು ಫೋಟೋ ಕಣ್ಣು ಮುಚ್ಚಿಕೊಂಡು. ಇನ್ನೊಂದು ಮೇಲಕ್ಕೆ ನೋಡ್ತಾ, ಕೆಳರೆಪ್ಪೆಯನ್ನ ಮೆಲ್ಲಗೆ ಕೆಳಗೆ ಎಳ್ಕೊಂಡು. ಕೆಂಪು ಎಲ್ಲಿದೆ ಅನ್ನೋದರಲ್ಲೇ ಮುಕ್ಕಾಲು ಉತ್ತರ ಇರುತ್ತೆ.

ಕಣ್ಣಿನ ಬಿಳಿಯಲ್ಲಿ ಕೆಳಗಡೆ ಮಾತ್ರ ಒಂದು ಕಡೆ ಕೆಂಪು ಮಚ್ಚೆ ತರ ಇದ್ರೆ, ಕೆಳಗಿನ ಕೂದಲು ಮುಚ್ಚಕ್ಕೆ ಕಣ್ಣ ಕೆಳಗೆ ಅಂಟಿಸ್ತೀವಲ್ಲ, ಆ ಜೆಲ್ ಪ್ಯಾಡ್ ಮೇಲಕ್ಕೆ ಜರುಗಿ ಕಣ್ಣಿಗೆ ಉಜ್ಜಿದೆ ಅಂತ ಅನುಮಾನ ಪಡು. ಕಣ್ಣಿನ ಕೆಳಗೆ ಚರ್ಮದ ಮೇಲೆ ಪಟ್ಟಿ ಹೊಡೆದ ಹಾಗೆ ಕೆಂಪಿದ್ರೆ ಟೇಪಿನ ಅಂಟು ಆಗಿಬಂದಿಲ್ಲ. ಒಂದೇ ಜಾಗದಲ್ಲಿ, ಕಣ್ಣು ಮಿಟುಕಿಸಿದಾಗಲೆಲ್ಲ ಚುಚ್ಚುತ್ತೆ ಅಂದ್ರೆ ಎರಡು ಕೂದಲು ಒಂದಕ್ಕೊಂದು ಅಂಟ್ಕೊಂಡು ಎಳೀತಿದೆ, ಇಲ್ಲಾ ಲ್ಯಾಶಿನ ಬುಡ ರೆಪ್ಪೆಗೆ ತಾಗ್ತಿದೆ. ಅವರನ್ನ ಕರೆಸಿ, ಟ್ವೀಜರಲ್ಲಿ ಅದನ್ನ ಬಿಡಿಸಿದ್ರೆ ಆಗೋಯ್ತು. ಬಿಳಿಯೆಲ್ಲ ಕೆಂಪಾಗಿ, ಮುಗಿಸಿದ ತಕ್ಷಣವೇ ನೀರು ಸುರಿಯಕ್ಕೆ ಶುರುವಾಗಿದ್ರೆ ಗ್ಲೂ ಹಬೆ ಹೊಡೆದಿದೆ.

ಹಬೆ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕೋರ್ಸಲ್ಲಿ ಗ್ಲೂ ಎಷ್ಟು ಸೆಕೆಂಡಿಗೆ ಹಿಡಿಯುತ್ತೆ ಅಂತ ಹೇಳ್ತಾರೆ, ಇದನ್ನ ಹೇಳಲ್ಲ. ನಮ್ಮ ಗ್ಲೂ ಅಂದ್ರೆ ಸಯನೋಅಕ್ರಿಲೇಟ್, ಮನೇಲಿ ಮುರಿದ ಕಪ್ ಅಂಟಿಸೋ ಸೂಪರ್ ಗ್ಲೂನ ಕುಲವೇ. 1942ರಲ್ಲಿ ಬಂದೂಕಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಗುರಿನೋಟ ಮಾಡಕ್ಕೆ ಹೊರಟವರ ಕೈಗೆ ಇದು ಸಿಕ್ತಂತೆ, ಮುಟ್ಟಿದ್ದಕ್ಕೆಲ್ಲ ಅಂಟ್ಕೊಳ್ಳುತ್ತೆ ಅಂತ ಬೇಸತ್ತು ಪಕ್ಕಕ್ಕೆ ಇಟ್ಟರಂತೆ. ಅಂಟು ಅಂತ ಮಾರಾಟಕ್ಕೆ ಬಂದಿದ್ದು 1958ರಲ್ಲಿ. ಇದು ಗಾಳಿಯಲ್ಲಿ ಒಣಗಿ ಗಟ್ಟಿಯಾಗೋದಲ್ಲ ಪುಟ್ಟಿ, ತೇವ ಸಿಕ್ಕಿದ್ರೆ ಗಟ್ಟಿಯಾಗೋದು. ಇನ್ನು ಕಣ್ಣಿಗಿಂತ ತೇವದ ಜಾಗ ಯಾವುದಿದೆ ಹೇಳು? ಹಾಗಾಗಿ ಹಬೆ ಕಣ್ಣಿನ ಕಡೆ ಹೋದ್ರೆ ಉರಿಯದೇ ಇರುತ್ತಾ. ರೂಮಲ್ಲಿ ತೇವ ಜಾಸ್ತಿ ಇದ್ದ ದಿನ, ಗ್ಲೂ ದಪ್ಪಗೆ ಅದ್ದಿದ ದಿನ, ಗ್ಲೂ ಒಂದೇ ಸಲಕ್ಕೆ ಗಬಕ್ಕನೆ ಗಟ್ಟಿಯಾಗುತ್ತೆ, ಹಬೆಯೂ ಒಟ್ಟಿಗೇ ಏಳುತ್ತೆ.

ಇನ್ನೊಂದು, ನಾನು ಕಷ್ಟಪಟ್ಟು ಕಲಿತಿದ್ದು. ಕ್ಲೈಂಟ್ ಕಣ್ಣು ಮುಚ್ಚಿದಾರೆ ಅಂತ ನಾವು ಅಂದ್ಕೊಂಡಿರ್ತೀವಿ, ಮುಚ್ಚಿರಲ್ಲ. ನಾವು ಕೂರೋದು ಅವರ ತಲೆ ಹಿಂದೆ, ಅಲ್ಲಿಂದ ಎಲ್ಲ ಸರಿಯಾಗೇ ಕಾಣುತ್ತೆ. ಒಂದು ಸಲ ಕೆಳಗೆ ಬಿದ್ದ ಟ್ವೀಜರ್ ಎತ್ತಕ್ಕೆ ಬಗ್ಗಿದವಳು, ಏಳುವಾಗ ಅವರ ಗಲ್ಲದ ಕಡೆಯಿಂದ ನೋಡಿಬಿಟ್ಟೆ. ರೆಪ್ಪೆ ನಡುವೆ ದಾರದಷ್ಟು ಸಂದಿ, ಒಳಗೆ ಬಿಳಿ ಹೊಳೀತಿದೆ! ಅರ್ಧ ಗಂಟೆಯಿಂದ ಆ ಸಂದಿಯೊಳಗೆ ಹಬೆ ಹೋಗ್ತಾನೇ ಇತ್ತು. ಪ್ಯಾಡ್ ಬಿಗಿಯಾಗಿ ಎಳೆದು ಅಂಟಿಸಿದ್ರೆ ಹೀಗೆ ಕೆಳರೆಪ್ಪೆ ಬಾಯಿ ಬಿಡುತ್ತೆ. ಕೆಲವರಿಗೆ ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚಲ್ಲ. ಆವತ್ತಿಂದ ಮೊದಲ ಲ್ಯಾಶ್ ಹಾಕೋ ಮುಂಚೆ ಎದ್ದು ಹೋಗಿ, ಕಾಲಿನ ಕಡೆ ನಿಂತು ಬಗ್ಗಿ, ಚಿಕ್ಕ ಟಾರ್ಚ್ ಬಿಟ್ಟು ನೋಡ್ತೀನಿ. ನೋಡೋರಿಗೆ ತಮಾಷೆ ಅನ್ಸುತ್ತೆ. ಅನ್ಸಲಿ. ಪ್ಯಾಡ್ ಕೂಡ ಹಾಗೇ, ಅಂಟಿಸಿದ ಮೇಲೆ ‘ಕಣ್ಣು ಬಿಟ್ಟು ಮೇಲೆ ನೋಡಿ, ಎಡಕ್ಕೆ, ಬಲಕ್ಕೆ, ಏನಾದ್ರೂ ತಾಗುತ್ತಾ?’ ಅಂತ ಕೇಳು. ಸ್ವಲ್ಪ ತಾಗುತ್ತೆ ಪರವಾಗಿಲ್ಲ ಅಂದ್ರೂ ಕಿತ್ತು ಮತ್ತೆ ಇಡು.

ಸರಿ, ಈಗ ಮುಖ್ಯ ವಿಷಯ. ಇದು ಬರೀ ಉರಿನಾ, ಇಲ್ಲಾ ಅಲರ್ಜಿನಾ?

ಹಬೆಯಿಂದ, ಪ್ಯಾಡಿಂದ ಬಂದ ಉರಿ ಕುರ್ಚಿಯಲ್ಲೇ ಇಲ್ಲಾ ಕೆಲವು ಗಂಟೆಯೊಳಗೆ ಶುರುವಾಗುತ್ತೆ. ಉರಿಯೇ ಜಾಸ್ತಿ, ನವೆ ಕಮ್ಮಿ. ಒಂದೆರಡು ದಿನದಲ್ಲಿ ತಾನಾಗಿ ಇಳೀತಾ ಬರುತ್ತೆ. ಅಲರ್ಜಿ ಹಾಗಲ್ಲ, ನಿಧಾನಕ್ಕೆ ಬರುತ್ತೆ. ಎಷ್ಟೋ ಸಲ ಆ ದಿನ ಏನೂ ಇರಲ್ಲ, ಒಂದು ದಿನ ಎರಡು ದಿನ ಬಿಟ್ಟು ನವೆ, ರೆಪ್ಪೆ ಊತ, ಸಾಮಾನ್ಯವಾಗಿ ಎರಡೂ ಕಡೆ. ಲ್ಯಾಶ್ ಅಲ್ಲಿ ಇರೋವರೆಗೂ ಇಳಿಯಲ್ಲ. ಮುಂದಿನ ಸಲ ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತೆ. ನಿನ್ನ ಕ್ಲೈಂಟ್ ಕತೆ ಕೇಳಿದ್ರೆ ಮೊದಲನೇದೇ ಇರಬಹುದು ಅನ್ಸುತ್ತೆ, ಆದ್ರೆ ನಾಳೆ ನಾಡಿದ್ದು ಏನಾಗುತ್ತೆ ನೋಡದೇ ತೀರ್ಮಾನ ಮಾಡಬೇಡ. ನಾಳೆ ಬೆಳಗ್ಗೆ ನೀನೇ ಫೋನ್ ಮಾಡಿ ವಿಚಾರಿಸು, ಅವರು ಮಾಡಲಿ ಅಂತ ಕೂರಬೇಡ.

‘ಎರಡು ವರ್ಷದಿಂದ ಹಾಕಿಸ್ಕೊಳ್ತಿದಾರೆ, ಅವರಿಗೆ ಎಲ್ಲಿಂದ ಅಲರ್ಜಿ’ ಅಂತ ಯಾರಾದ್ರೂ ಅಂದ್ರೆ ನಂಬಬೇಡ. ಇಲ್ಲೇ ನಾನು ಎಡವಿದ್ದು. ಖಾಯಂ ಕ್ಲೈಂಟ್ ಒಬ್ಬರು, ಉದುರಿದ ಲ್ಯಾಶ್ ಮತ್ತೆ ತುಂಬಿಸ್ಕೊಳ್ಳಕ್ಕೆ ಮೂರು ವಾರಕ್ಕೊಮ್ಮೆ ತಪ್ಪದೇ ರಿಫಿಲ್‌ಗೆ ಬರೋರು. ಒಂದು ಸಲ ಹೋದ ಎರಡನೇ ದಿನ ‘ಸ್ವಲ್ಪ ನವೆ ಇತ್ತು, ಹೋಯ್ತು’ ಅಂದ್ರು. ಧೂಳಿರಬೇಕು ಅಂದೆ. ಮುಂದಿನ ಸಲ ರೆಪ್ಪೆ ಊದಿಕೊಳ್ತು. ಆಗ ನಾನೇನು ಮಾಡಿದೆ ಹೇಳು? ಡಬ್ಬಿ ಮೇಲೆ ‘ಸೆನ್ಸಿಟಿವ್’ ಅಂತ ಬರೆದಿದ್ದ ಗ್ಲೂ ತರಿಸಿದೆ, ಹೆಮ್ಮೆಯಿಂದ ಹಾಕಿದೆ. ಮರುದಿನ ಫೋಟೋ ಬಂತು. ಮೇಲಿನ ರೆಪ್ಪೆ ನೀರು ತುಂಬಿದ ಬಲೂನ್ ತರ, ಕಣ್ಣು ಒಂದು ಗೆರೆ. ನನ್ನ ಕೈಕಾಲೇ ಆಡಲಿಲ್ಲ. ಆಮೇಲೆ ಡಬ್ಬಿ ತಿರುಗಿಸಿ ಓದಿದ್ರೆ ಅದೂ ಸಯನೋಅಕ್ರಿಲೇಟೇ. ಸೆನ್ಸಿಟಿವ್ ಗ್ಲೂನಲ್ಲಿ ಹಬೆ ಕಮ್ಮಿ ಇರಬಹುದು, ಹಿಡಿಯೋದು ನಿಧಾನ ಇರಬಹುದು, ಬರೀ ಉರಿ ಬರೋರಿಗೆ ಅದು ಸರಿ. ಅಲರ್ಜಿ ಇರೋರಿಗೆ ಬ್ರ್ಯಾಂಡ್ ಬದಲಾಯಿಸಿ ಏನೂ ಉಪಯೋಗ ಇಲ್ಲ. ಕಪ್ಪು ಬಣ್ಣ ಇಲ್ಲದ ಕ್ಲಿಯರ್ ಗ್ಲೂ ಹಾಕಿದ್ರೂ ಅಷ್ಟೇ, ಹೆಚ್ಚಿನ ಸಲ ತೊಂದರೆ ಬಣ್ಣದ್ದಲ್ಲ, ಅಂಟಿದ್ದು. ಅವರಿಗೆ ಇನ್ನು ಎಕ್ಸ್‌ಟೆನ್ಷನ್ ಇಲ್ಲ ಅಂತ ಹೇಳಿ ಒಳ್ಳೇ ಕ್ಲೈಂಟನ್ನ ಕಳ್ಕೊಳ್ಳೋದೇ ದಾರಿ. ನಾನು ಎರಡು ಸಲ ತಡ ಮಾಡಿ ಆಮೇಲೆ ಹೇಳಿದೆ.

ಈಗ ಅವರಿಗೆ ಏನು ಹೇಳೋದು. ಕಣ್ಣು ಉಜ್ಜಬೇಡಿ, ಲೆನ್ಸ್ ಬೇಡ, ಕಾಡಿಗೆ ಮಸ್ಕಾರ ಬೇಡ. ಶುದ್ಧ ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣ ಮೇಲೆ ಹತ್ತು ನಿಮಿಷ ಇಡಿ, ಐಸ್ ನೇರವಾಗಿ ಬೇಡ. ಶುದ್ಧ ನೀರಲ್ಲೋ ಸಲೈನಲ್ಲೋ ಕಣ್ಣು ತೊಳೀರಿ. ನೀನು 24 ಗಂಟೆ ನೀರು ತಾಗಿಸಬೇಡಿ ಅಂತ ಹೇಳಿ ಕಳಿಸಿರ್ತೀಯ, ಪಾಪ ಅದನ್ನೇ ಹಿಡ್ಕೊಂಡು ಉರಿ ಸಹಿಸ್ತಾ ಕೂತಿರ್ತಾರೆ. ಬಾಯಿ ಬಿಟ್ಟು ಹೇಳು, ಆ ಮಾತು ರದ್ದು, ಲ್ಯಾಶ್ ಉದುರಿದ್ರೆ ಉದುರಲಿ.

ಚಿಕ್ಕಮ್ಮ, ಡ್ರಾಪ್ಸ್ ಯಾಕೆ ಬೇಡ ಅಂದ್ರೆ, ಮನೇಲಿ ಉಳಿದಿರೋ ಬಾಟಲಿಯಲ್ಲಿ ಸ್ಟೀರಾಯ್ಡ್ ಇದೆಯೋ ಇಲ್ಲವೋ ನಮಗೆ ಗೊತ್ತಾಗಲ್ಲ. ಹಾಕಿದ ತಕ್ಷಣ ಕೆಂಪು ಇಳಿಯುತ್ತೆ, ಹಾಯ್ ಅನ್ಸುತ್ತೆ. ಒಳಗೆ ಸೋಂಕಿದ್ರೆ ಮಾತ್ರ ಅದು ಇನ್ನೂ ಹೆಚ್ಚಾಗುತ್ತೆ, ತುಂಬ ದಿನ ಹಾಕಿದ್ರೆ ಕಣ್ಣಿನ ಪ್ರೆಷರ್ ಏರುತ್ತೆ. ಬರೀ ಕೆಂಪು ಇಳಿಸೋ ಡ್ರಾಪ್ಸೂ ನಿಲ್ಲಿಸಿದ ಮೇಲೆ ತಿರುಗಿ ಕೆಂಪಾಗಿಸುತ್ತೆ. ಪುಟ್ಟಿ, ಮಾತ್ರೆ ಹೆಸರು, ಡ್ರಾಪ್ಸ್ ಹೆಸರು ನಿನ್ನ ಬಾಯಿಂದ ಬರಲೇಬಾರದು. ನಾವು ಲ್ಯಾಶ್ ಹಾಕೋರು, ಡಾಕ್ಟರಲ್ಲ.

ತೆಗೀಬೇಕಾ ಅಂತ ಕೇಳಿದ್ಯಲ್ಲ. ಉರಿ ಇಳೀತಿದೆ, ಊತ ಇಲ್ಲ ಅಂದ್ರೆ ಅವಸರ ಇಲ್ಲ, ರಿಮೂವರ್ ಕೂಡ ಕೆಮಿಕಲ್ಲೇ, ನೊಂದ ಕಣ್ಣಿಗೆ ಮತ್ತೊಂದು ಪೆಟ್ಟು. ಅಲರ್ಜಿ ಅನ್ಸಿದ್ರೆ, ಇಲ್ಲಾ ಅವರೇ ತೆಗೀರಿ ಅಂದ್ರೆ, ತೆಗಿ. ಕ್ರೀಮ್ ರಿಮೂವರಲ್ಲೇ ತೆಗಿ, ನೀರಾಗಿರೋದು ಹರಿದು ಕಣ್ಣೊಳಗೆ ಹೋಗುತ್ತೆ. ರೆಪ್ಪೆ ತುಂಬ ಊದಿದೆ, ಚರ್ಮ ಒಡೆದು ನೀರು ಜಿನುಗ್ತಿದೆ ಅಂದ್ರೆ ಮುಟ್ಟಬೇಡ, ಮೊದಲು ಡಾಕ್ಟರ್ ನೋಡಲಿ. ಮನೇಲಿ ಎಣ್ಣೆ ಹಚ್ಚಿ ಕಿತ್ಕೊಳ್ತೀನಿ ಅಂದ್ರೆ ಮಾತ್ರ ಗದರಿಸಿ ತಡಿ, ಸ್ವಂತ ಕೂದಲು ಬುಡಸಮೇತ ಬರುತ್ತೆ.

ಅಂದಹಾಗೆ, ಗ್ಲೂ ಹನಿಯೇ ಕಣ್ಣಿಗೆ ಬಿದ್ದ ದಿನ ಬಂದ್ರೆ, ಬರದೇ ಇರಲಿ, ರಿಮೂವರ್ ಕಡೆ ಕೈ ಹಾಕಬೇಡ. ಶುದ್ಧ ನೀರು, ಹದಿನೈದು ನಿಮಿಷ ಬಿಡದೇ, ಆಮೇಲೆ ನೇರ ಆಸ್ಪತ್ರೆ. ರೆಪ್ಪೆ ಅಂಟ್ಕೊಂಡಿದ್ರೆ ಬಲವಂತವಾಗಿ ಬಿಡಿಸಬೇಡ. ನಿನ್ನ ಟ್ರಾಲಿಯಲ್ಲಿ ಗ್ಲೂ ಬಾಟಲಿಯೂ ಸಲೈನ್ ಬಾಟಲಿಯೂ ಅಕ್ಕಪಕ್ಕ ಇರೋದನ್ನ ವಿಡಿಯೋದಲ್ಲಿ ನೋಡಿದೀನಿ. ಎರಡೂ ಪುಟ್ಟ ಬಾಟಲಿ, ಎರಡಕ್ಕೂ ಚೂಪು ಮೂತಿ. ಇವತ್ತೇ ಬೇರೆ ಬೇರೆ ಕಡೆ ಇಡು.

ದುಡ್ಡಿಂದು ನಿನಗೆ ಬಿಟ್ಟಿದ್ದು. ನಾನಾದ್ರೆ ತೆಗೆಯೋದಕ್ಕೆ ಏನೂ ತಗೊಳ್ಳಲ್ಲ, ನನ್ನ ಕೈ ತಪ್ಪು ಅಂತ ಕಂಡ್ರೆ ಪೂರ್ತಿ ವಾಪಸ್ ಕೊಡ್ತೀನಿ. ಆದ್ರೆ ಫೋನಲ್ಲಿ ಮೊದಲ ಮಾತೇ ದುಡ್ಡಾಗಬಾರದು. ಅವರಿಗೆ ಈಗ ಕಣ್ಣಿನ ಚಿಂತೆ.

ಪ್ಯಾಚ್ ಟೆಸ್ಟ್ ಮಾಡಿದ್ಯಾ ಅಂತ ಕೇಳಲ್ಲ, ನಿನ್ನ ಮೆಸೇಜಲ್ಲೇ ಗೊತ್ತಾಯ್ತು. ಮುಂದೆ ಮಾಡು, ಅದೇ ಗ್ಲೂನಲ್ಲಿ ಹೊರಮೂಲೆಗೆ ನಾಲ್ಕಾರು ಲ್ಯಾಶ್ ಹಾಕಿ ಎರಡು ದಿನ ಬಿಟ್ಟು ನೋಡು. ಅದರಲ್ಲಿ ಪಾಸಾದ್ರೂ ಆಮೇಲೆ ಅಲರ್ಜಿ ಬರಬಹುದು, ಆದ್ರೂ ಮಾಡು. ಯಾವ ಗ್ಲೂ, ಬ್ಯಾಚ್ ನಂಬರ್ ಏನು, ಬಾಟಲಿ ಯಾವತ್ತು ತೆರೆದಿದ್ದು ಅಂತ ಒಂದು ಪುಸ್ತಕದಲ್ಲಿ ಬರೆದಿಡು. ಇವತ್ತು ಡಾಕ್ಟರ್ ಕೇಳಿದ್ರೆ ಅವರ ಕೈಗೆ ಕೊಡಕ್ಕೆ ನಿನ್ನ ಹತ್ರ ಏನಿದೆ? ಡಬ್ಬಿ ಫೋಟೋ ತೆಗೆದು ಕ್ಲೈಂಟ್‌ಗೆ ಈಗಲೇ ಕಳಿಸು, ಹಿಂದಿನ ಲೇಬಲ್ ಓದಕ್ಕೆ ಬರೋ ಹಾಗೆ.

ಮತ್ತೆ ಅವರ ಕಣ್ಣಿನ ಫೋಟೋ ಬಂದ್ರೆ ಇಲ್ಲಿ ಗ್ರೂಪಿಗೆ ಹಾಕಬೇಡ, ಮೂವತ್ತು ಜನ ಇದೀವಿ. ಅವರನ್ನ ಕೇಳಿ, ಸರಿ ಅಂದ್ರೆ ನನಗೊಬ್ಬಳಿಗೆ ಕಳಿಸು. ನನ್ನ ಫೋನ್ ಸಂಜೆವರೆಗೂ ಕೈಯಲ್ಲೇ ಇರುತ್ತೆ. ಸರಿನಾ, ಇಡ್ತೀನಿ, ನೀನು ಮೊದಲು ಅವರಿಗೆ ಫೋನ್ ಮಾಡು.